702ರ ಎಡಗಾಲು

ಪ್ಯೋ ಗಿಲ್‌ಸುವಿಗೆ ಆರಿಸುವ ಶಕ್ತಿ ಇರಲಿಲ್ಲ.

ಮಿಕ್ಕದ್ದೆಲ್ಲ ಇತ್ತು. ಕೊರಿಯಾದ ಇಂಚೆಯಾನ್ ಊರಿನ ಹಳೇ ಬಂದರಿನ ಹಿಂದೆ ಸ್ವಂತ ನೂಡಲ್ಸ್ ಅಂಗಡಿ ಇತ್ತು. ಹದಿನೈದು ಅಂತಸ್ತಿನ ಕಟ್ಟಡದಲ್ಲಿ 702ನೇ ನಂಬರಿನ ಮನೆ ಇತ್ತು. ಓಕ್‌ಬುನ್ ಎಂಬ ಹೆಂಡತಿ ಇದ್ದಳು. ಅಂಗಡಿ ಅಪ್ಪ ಬಿಟ್ಟುಹೋದದ್ದು, ಮನೆ ಹೆಂಡತಿ ಹುಡುಕಿದ್ದು, ಹೆಂಡತಿಯನ್ನು ಅಮ್ಮ ಹುಡುಕಿದ್ದು.

ಚೀನೀ ಊಟದಂಗಡಿಯಲ್ಲಿ ಕೂತಾಗ ಕಪ್ಪು ಗೊಜ್ಜಿನ ಜಾಜಾಂಗ್ ನೂಡಲ್ಸೋ ಕೆಂಪು ಖಾರದ ಸಾರಿನ ಜಾಂಪೋಂಗೋ ಎಂದು ಇಡೀ ದೇಶವೇ ಒಂದು ಗಳಿಗೆ ತೊಳಲಾಡುತ್ತದೆ. ಗಿಲ್‌ಸು ತೊಳಲಾಡುತ್ತಲೂ ಇರಲಿಲ್ಲ. ಪಕ್ಕದವರು ಬಾಯಿ ಬಿಡುವವರೆಗೆ ಕಾದು "ನನಗೂ ಅದೇ" ಎನ್ನುತ್ತಿದ್ದ. ಒಬ್ಬನೇ ಹೋದ ದಿನ ಬರೀ ನೀರು ಕುಡಿದು ಎದ್ದು ಬಂದದ್ದೂ ಉಂಟು.

ಅಂಗಡಿ ಕೈಗೆ ಬಂದ ವರ್ಷ ಬೋರ್ಡು ಬರೆಯುವವನು "ಎರಡನೇ ಸಾಲಿಗೆ ಏನು ಬರೀಲಿ?" ಎಂದು ಕೇಳಿದ. ಗಿಲ್‌ಸು ಹನ್ನೊಂದು ದಿನ ಯೋಚಿಸಿದ. ಹನ್ನೆರಡನೆಯ ದಿನ ಬೋರ್ಡು ಒಂದೇ ಸಾಲು ಹೊತ್ತು ಗೋಡೆ ಏರಿತು: ಚಿಪ್ಪುಮೀನಿನ ಕಲ್‌ಗುಕ್ಸು. ಅಂದರೆ ಕೈಯಲ್ಲಿ ನಾದಿ, ಚಾಕುವಿನಲ್ಲಿ ಕತ್ತರಿಸಿದ ನೂಡಲ್ಸು, ಬಿಸಿ ಸಾರಿನಲ್ಲಿ. ಕೆಳಗಿನ ಸಾಲು ಇಪ್ಪತ್ತಾರು ವರ್ಷದಿಂದ ಖಾಲಿ. ಗಿರಾಕಿಗಳು ಇದನ್ನು ಪರಿಣತಿ ಎಂದುಕೊಂಡರು. "ಒಂದೇ ತಿಂಡಿ ಮಾಡ್ತಾನೆ ಅಂದ್ರೆ ಅದರಲ್ಲಿ ಪಳಗಿದೋನು" ಎಂದು ನಾಲ್ಕು ಜನಕ್ಕೆ ಹೇಳಿದರು. ಅಂಗಡಿ ನಡೆಯಿತು. ಮನುಷ್ಯನ ದೌರ್ಬಲ್ಯಗಳನ್ನು ಜನ ಹೀಗೆ ಗೌರವಿಸಿ ಗೌರವಿಸಿಯೇ ಬೆಳೆಸುವುದು.

ಇಪ್ಪತ್ತಾರು ವರ್ಷ ನಿಂತು ನಾದಿದ್ದಕ್ಕೆ ಕಾಲು ತನ್ನ ಪಾಲು ಕೇಳಿತು. ಎಡಗಾಲಿನ ಮಂಡಿಯಿಂದ ಹಿಮ್ಮಡಿಯವರೆಗೆ ನರ ಉಬ್ಬಿ, ತಿರುಚಿ, ಗಂಟುಕಟ್ಟಿ, ಅವನೇ ಕತ್ತರಿಸಿದ ದಪ್ಪ ನೂಡಲ್ಸು ಚರ್ಮದಡಿ ನುಸುಳಿಕೊಂಡ ಹಾಗೆ ಕಾಣುತ್ತಿತ್ತು. ಮಧ್ಯಾಹ್ನ ಎರಡು ಗಂಟೆಗೆ ಕಾಲು ಸೀಸದಂತೆ ಭಾರವಾಗುತ್ತಿತ್ತು. ಅದೇ ಎರಡು ಗಂಟೆಗೆ ಸರಿಯಾಗಿ ಓಕ್‌ಬುನ್‌ಳ ತಮ್ಮ ಮಾನ್‌ಸಿಕ್ ಅಳತೆ ಟೇಪು ಹಿಡಿದು ಅಂಗಡಿಗೆ ಬರತೊಡಗಿದ.

"ಭಾವ, ಈ ಗೋಡೆ ಮೂರು ಮೀಟರ್ ಇಪ್ಪತ್ತು. ಕಾಫಿ ಮಷೀನು ಇಲ್ಲಿ ಲಕ್ಷಣವಾಗಿ ಕೂರುತ್ತೆ."

"ಇಲ್ಲಿ ನಾನು ನಿಂತಿದೀನಲ್ಲೋ."

"ಅದೇ ಕೇಳ್ತಿರೋದು ಭಾವ. ಇನ್ನೆಷ್ಟು ದಿನ ನಿಲ್ತೀರಿ?"

ಜಗಳ ಮೂರು ವಾರ ನಡೆಯಿತು. ಕೊನೆಗೆ ಓಕ್‌ಬುನ್ ಸೌಟಿನಿಂದ ಮೇಜು ಕುಟ್ಟಿ ತೀರ್ಪು ಕೊಟ್ಟಳು. "ಅಕ್ಟೋಬರ್ ಕೊನೇ ಶನಿವಾರ. ಹನ್ನೊಂದರಿಂದ ಮೂರರ ತನಕ. ನೀವು ಕೂರದೆ ನಿಂತ್ರೆ ಅಂಗಡಿ ನಿಮ್ಮದು. ಕೂತ್ರೆ ಅವನದು. ಈಗ ಇಬ್ರೂ ಬಾಯಿ ಮುಚ್ಚಿ, ಚಿಪ್ಪು ತೊಳೀರಿ."

ಗಿಲ್‌ಸು ಕಾಲು ತೋರಿಸಲು ಡಾಕ್ಟರ ಬಳಿ ಹೋದ.

ಡಾಕ್ಟರ್ ಸೊಲ್ ಮೂವತ್ತೈದರ ಹೆಣ್ಣುಮಗಳು. ಕಾಲಿನ ಮೇಲೆ ತಣ್ಣಗಿನ ಜೆಲ್ಲು ಸವರಿ, ತೆರೆಯ ಮೇಲೆ ನರ ನೋಡಿ, ಸರಳವಾಗಿ ಹೇಳಿದರು: "ನೋಡಿ ಯಜಮಾನ್ರೆ, ಔಷಧಿನ ಗಾಳಿ ಜೊತೆ ಬೆರೆಸಿ ನೊರೆ ಮಾಡ್ತೀವಿ. ಆ ನೊರೆನ ಸೂಜಿಲಿ ನರದೊಳಗೆ ಬಿಡ್ತೀವಿ. ಅದು ರಕ್ತನ ಆಚೆ ತಳ್ಳಿ ನರದ ಒಳಗೋಡೆಗೆ ಅಂಟುತ್ತೆ. ನರ ಮುದುರಿಕೊಂಡು ಮುಚ್ಚಿಹೋಗುತ್ತೆ. ಔಷಧಿ ಎರಡಿದೆ."

ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. 'ಎರಡು' ಎಂಬ ಮಾತು ಬಿದ್ದೊಡನೆ ಗಿಲ್‌ಸುವಿನ ಬೆನ್ನು ಬೆವರಿತು.

"ಒಂದನೇದು ಪಾಲಿಡೊಕನಾಲ್. ಮೆತ್ತಗಿನದು. ಉರಿ ಕಮ್ಮಿ, ಕಲೆ ಬೀಳೋದೂ ಕಮ್ಮಿ. ಆದ್ರೆ ನಿಮ್ಮಂಥ ದಪ್ಪ ನರಕ್ಕೆ ಎರಡನೇ ಸಲ ಬರಬೇಕಾಗಬಹುದು. ಎರಡನೇದು ಟೆಟ್ರಾಡೆಸಿಲ್. ಬಿರುಸು. ಒಂದೇ ಸಲಕ್ಕೆ ಮುಗಿಯೋ ಸಂಭವ ಜಾಸ್ತಿ. ಆದ್ರೆ ಉರಿಯುತ್ತೆ, ಕಂದು ಕಲೆ ಉಳೀಬಹುದು. ಕೊನೇಲಿ ನೋಡಿದ್ರೆ ಎರಡೂ ಹೆಚ್ಚುಕಮ್ಮಿ ಸಮ. ನೀವೇ ಆರಿಸಿ."

"ಡಾಕ್ಟರು ನೀವು. ನೀವೇ ಹೇಳಿ."

"ಕಾಲು ನಿಮ್ಮದು."

"ನನಗಿಂತ ಮುಂಚೆ ಬಂದೋರು ಯಾವುದು ತಗೊಂಡ್ರು?"

"ಮೆತ್ತಗಿನದು."

"ನನಗೂ ಅದೇ!"

"ಅವರಿಗಿಂತ ಮುಂಚಿನೋರು ಬಿರುಸಿನದು ತಗೊಂಡ್ರು."

ಡಾಕ್ಟರು ಒಂದು ಹಾಳೆ ಅಚ್ಚುಹಾಕಿ ಕೊಟ್ಟರು. ಮೇಲೆ ಅವನ ಹೆಸರು, ವಿಳಾಸ, 'ಎಡಗಾಲು'. ಕೆಳಗೆ ಎರಡು ಔಷಧಿಗಳ ಗುಣದೋಷ ಅಕ್ಕಪಕ್ಕ. ಕೊನೆಯಲ್ಲಿ: 'ಮನೆಯವರೊಂದಿಗೆ ಚರ್ಚಿಸಿ, ಒಂದು ಅಥವಾ ಎರಡು ಎಂದು ಬರೆದು ಕಳುಹಿಸಿರಿ.'

ಅದೇ ಸಂಜೆ ಇನ್ನೊಂದು ಹಾಳೆಯೂ ಅವನ ಕೈ ಸೇರಿತು. ಓಕ್‌ಬುನ್ ಬಚ್ಚಲುಮನೆಯ ಟೈಲ್ಸು ಬದಲಿಸಲು ಹೊರಟಿದ್ದಳು. ಒಂದು ಮನೆಯಲ್ಲಿ ಗೋಡೆ ಒಡೆಯಬೇಕಾದರೆ ಅದೇ ಲಿಫ್ಟು ಬಳಸುವ ಎಲ್ಲ ಮನೆಯವರ ಒಪ್ಪಿಗೆ ಬೇಕು. ಅದಕ್ಕೊಂದು ಕ್ರಮವಿದೆ. ಕೆಲಸದ ವಿವರದ ಹಾಳೆಯನ್ನು ಲಿಫ್ಟಿನೊಳಗೆ ಅಂಟಿಸಬೇಕು, ಅದರ ಕೆಳಗೆ ಮನೆ ನಂಬರುಗಳ ಪಟ್ಟಿ ಅಂಟಿಸಬೇಕು, ಪಕ್ಕದಲ್ಲಿ ದಾರಕ್ಕೆ ಪೆನ್ನು ಕಟ್ಟಬೇಕು. ಜನ ಏರುತ್ತಾ ಇಳಿಯುತ್ತಾ ತಮ್ಮ ನಂಬರಿನ ಮುಂದೆ ಬರೆಯುತ್ತಾರೆ. ಹಾಳೆಯಲ್ಲಿ ಏನಿದೆ ಎಂದು ತಲೆಕೆಡಿಸಿಕೊಳ್ಳುವವರು ಕಡಿಮೆ. ಲಿಫ್ಟಿನಲ್ಲಿ ಪೆನ್ನು ತೂಗುತ್ತಿದ್ದರೆ ಬರೆಯುವುದು ನಾಗರಿಕನ ಕರ್ತವ್ಯ.

ಗಿಲ್‌ಸು ಕನ್ನಡಕವನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದ. ಒಂದು ಹಾಳೆಯನ್ನು ಕಾವಲುಗಾರ, ನಾ ಎಂಬ ಹೆಸರಿನ ತಾತನಿಗೆ ಕೊಟ್ಟ. ತಾತ ಓದಲಿಲ್ಲ, ಮೂವತ್ತು ವರ್ಷದಿಂದ ಓದಿರಲಿಲ್ಲ. 'ಹದಿನೇಳನೇ ತಾರೀಖಿನವರೆಗೆ ಅನುಮತಿಸಿದೆ' ಎಂಬ ಕೆಂಪು ಮೊಹರು ಗುದ್ದಿ ಲಿಫ್ಟಿನಲ್ಲಿ ಅಂಟಿಸಿದ. ಇನ್ನೊಂದು ಹಾಳೆಯನ್ನು ಗಿಲ್‌ಸು ಲಕೋಟೆಗೆ ಹಾಕಿ, ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗುವ ದಾರಿಯಲ್ಲಿ ಆಸ್ಪತ್ರೆಯ ಕೌಂಟರಿನಲ್ಲಿ ಕೊಟ್ಟ. ಅದರಲ್ಲಿ ಒಂದೋ ಎರಡೋ ಬರೆದಿರಲಿಲ್ಲ. ಖಾಲಿ ಕಳುಹಿಸಿದರೆ ಡಾಕ್ಟರೇ ಬೇಸತ್ತು ತುಂಬಿಕೊಳ್ಳುತ್ತಾರೆ ಎಂಬ ಸಣ್ಣ ಆಸೆ ಇತ್ತು.

ಅದೇ ಮಧ್ಯಾಹ್ನ ಊಟದ ಗದ್ದಲದ ನಡುವೆ ಫೋನು ಬಂತು.

"ಯಜಮಾನ್ರೆ, ನಾನು ಡಾಕ್ಟರ್ ಸೊಲ್. ನಿಮ್ಮ ಕಾಗದ ಓದಿದೆ. 'ಬೆಳಿಗ್ಗೆ ಒಂಬತ್ತರಿಂದ ಐದರ ತನಕ ಡ್ರಿಲ್ಲಿಂಗ್ ಮಷೀನಿನಿಂದ ಒಡೆಯಲಾಗುವುದು, ನಾಲ್ಕು ದಿನ ಧೂಳು ಮತ್ತು ಶಬ್ದಕ್ಕಾಗಿ ಕ್ಷಮೆಯಿರಲಿ' ಅಂತ ಬರೆದಿದೀರಿ. ನಾನು ಸೂಜಿ ಸಾಕು ಅಂದುಕೊಂಡಿದ್ದೆ."

ಗಿಲ್‌ಸುವಿನ ಕೈಯಿಂದ ಹಿಟ್ಟು ಜಾರಿತು. ಹಾಗಾದರೆ ಲಿಫ್ಟಿನಲ್ಲಿ ಇರುವುದು ಯಾವುದು?

ಅವನು ಏಪ್ರನ್ನಿನಲ್ಲೇ ಮನೆಗೆ ಓಡಿದ. ಓಡಿದ ಎಂದರೆ ಬಲಗಾಲು ಓಡಿತು, ಎಡಗಾಲು ಹಿಂದೆ ಬಂತು. ಲಿಫ್ಟಿನ ಬಾಗಿಲು ತೆರೆದರೆ ಒಳಗೆ ಐದು ಜನ, ಯಾರೂ ಇಳಿಯಲಿಲ್ಲ. ಮಹಿಳಾ ಸಂಘದ ಅಧ್ಯಕ್ಷೆ ಹ್ವಾಂಗ್‌ಬೋ ಬೋಕ್‌ಜಾ ಪೆನ್ನಿನಿಂದ ಹಾಳೆಯ ಮೇಲೆ ಬಡಿಯುತ್ತಾ ಪಾಠ ಮಾಡುತ್ತಿದ್ದಳು.

"ಕಲೆ ಬಿದ್ದ ಕಾಲು ಹೊತ್ತುಕೊಂಡು ಇವರು ಊರಿನ ಸಾರ್ವಜನಿಕ ಸ್ನಾನದ ಮನೆಗೆ ಹೋಗಬೇಕಾ? ಎಲ್ಲರ ಎದುರು? ಮೆತ್ತಗಿನದೇ ಸರಿ. ಒಂದು ಅಂತ ಬರೀರಿ."

"ಬಿರುಸಿನದು ಹಾಕಿ ಕೈ ತೊಳ್ಕೋಬೇಕು ಕಣಮ್ಮ" ಎಂದ 1102ರ ಯೋಮ್. ಹಡಗಿನ ಎಂಜಿನ್ನು ರಿಪೇರಿ ಮಾಡಿ ನಿವೃತ್ತನಾದವನು. "ಪೈಪು ಮುಚ್ಚೋಕೆ ಮೆತ್ತಗಿನದು ಹಾಕ್ತಾರಾ ಯಾರಾದ್ರೂ? ನಲವತ್ತು ವರ್ಷ ಪೈಪು ನೋಡಿದೀನಿ ನಾನು."

"ಅದು ಪೈಪಲ್ಲ, ಕಾಲು!"

"ಒಳಗೆ ಹರಿಯೋದಿದ್ರೆ ಪೈಪೇ."

ಗಿಲ್‌ಸು ಹಾಳೆಗೆ ಕೈ ಹಾಕಿದ. "ಕ್ಷಮಿಸಿ, ತಪ್ಪಾಗಿದೆ, ಇದು ಬಚ್ಚಲುಮನೆ ಕಾಗದ ಆಗಬೇಕಿತ್ತು..."

"ಮುಟ್ಟಬೇಡಿ!" ಹಿಂದಿನಿಂದ ಗುಡುಗಿದವರು ಗು ಸಾಹೇಬರು. ಜಿಲ್ಲಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಡತ ಕಾಯ್ದು ಬಂದ ಅವರು ಕಟ್ಟಡದ ಪ್ರತಿನಿಧಿ. "ಪ್ಯೋ ಅವರೇ, ಮೊಹರು ಬಿದ್ದ ಕಾಗದ. ಹದಿನೇಳರ ತನಕ ಅನುಮತಿ ಇದೆ. ಹನ್ನೊಂದು ಮನೆಯವರು ಆಗಲೇ ಬರೆದಿದಾರೆ. ಅವಧಿಗೆ ಮುಂಚೆ ಕಿತ್ರೆ ಆ ಹನ್ನೊಂದು ಮನೆಗೆ ಏನು ಉತ್ತರ ಕೊಡ್ತೀರಿ?"

"ಆದ್ರೆ ಸ್ವಾಮಿ, ಅದು ನನ್ನ ಕಾಲು."

"ಇದ್ದದ್ದು ನಿಮ್ಮ ಕಾಲು. ಈಗ ಲಿಫ್ಟಿಗೆ ಬಂದಿದೆ."

ಗಿಲ್‌ಸು ಬಾಯಿ ತೆರೆದ. ಆಗ ಒಂದು ಯೋಚನೆ ತಂಗಾಳಿಯಂತೆ ತಲೆಯೊಳಗೆ ಸುಳಿಯಿತು. ಇಡೀ ಕಟ್ಟಡವೇ ಆರಿಸಿಕೊಟ್ಟರೆ ತಾನು 'ನನಗೂ ಅದೇ' ಎಂದರಾಯಿತು. ಅವನು ಬಾಯಿ ಮುಚ್ಚಿ, ಲಿಫ್ಟಿನಲ್ಲಿ ಏಳನೆಯ ಗುಂಡಿ ಒತ್ತಿದ. ಇತಿಹಾಸದಲ್ಲಿ ಎಷ್ಟೋ ಜನ ಇಷ್ಟೇ ಕಾರಣಕ್ಕೆ ಪ್ರಜಾಪ್ರಭುತ್ವವನ್ನು ಬೆಂಬಲಿಸಿದ್ದಾರೆ.

ಆ ವಾರ ಕಟ್ಟಡ ಎರಡು ಹೋಳಾಯಿತು. ಬೋಕ್‌ಜಾಳ ಕಡೆಯವರಿಗೆ 'ಮೆತ್ತನೆಯವರು' ಎಂದೂ ಗು ಸಾಹೇಬರ ಕಡೆಯವರಿಗೆ 'ಬಿರುಸಿನವರು' ಎಂದೂ ಹೆಸರು ಬಿತ್ತು. ಕಸ ಬೇರ್ಪಡಿಸುವ ಜಾಗದಲ್ಲಿ ಪ್ಲಾಸ್ಟಿಕ್ಕಿನ ಗುಡ್ಡೆಯ ಈಚೆ ಒಂದು ಗುಂಪು, ಗಾಜಿನ ಗುಡ್ಡೆಯ ಆಚೆ ಒಂದು ಗುಂಪು. 302ರ ಗಂಡ ಒಂದು ಬರೆದ. ಹೆಂಡತಿ ಅದನ್ನು ಹೊಡೆದು ಎರಡು ಬರೆದಳು. ಗಂಡ ಎರಡು ದಿನ ಮಹಡಿ ಹತ್ತಿ ಇಳಿದ, ಒಂದೇ ಲಿಫ್ಟಿನಲ್ಲಿ ಬರಲಾರೆ ಎಂದು. ಪೆನ್ನು ಕಳುವಾಯಿತು. ನಾ ತಾತ ಇನ್ನೊಂದು ಕಟ್ಟಿದ. ಅದೂ ಕಳುವಾಯಿತು. ಮೆತ್ತನೆಯವರು ಬಿರುಸಿನವರ ಮೇಲೆ ಗುಮಾನಿಪಟ್ಟರು.

ಬುಧವಾರ ಸಂಜೆ ಎಲ್ಲರ ಮನೆಯ ಚಾವಣಿಯ ಸ್ಪೀಕರು ಕೆಮ್ಮಿತು. "ಆಡಳಿತ ಕಚೇರಿಯಿಂದ ತಿಳಿಸುವುದೇನೆಂದರೆ, 702ರ ಎಡಗಾಲಿನ ವಿಷಯವಾಗಿ ಇನ್ನೂ ಅಭಿಪ್ರಾಯ ಬರೆಯದಿರುವ ನಿವಾಸಿಗಳು ಹದಿನೇಳನೆಯ ತಾರೀಖಿನೊಳಗೆ ಬರೆಯತಕ್ಕದ್ದು. ಹಾಗೆಯೇ, ದಯವಿಟ್ಟು ಬಾಲ್ಕನಿಯಿಂದ ಕಂಬಳಿ ಕೊಡವಬೇಡಿ."

ಓಕ್‌ಬುನ್ ತಟ್ಟೆ ಕೆಳಗಿಟ್ಟಳು. "ಏನ್ರೀ, ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ನಿಮ್ಮ ಹೆಸರು ಸ್ಪೀಕರಲ್ಲಿ ಬಂದಿರೋದು ಇದೇ ಮೊದಲು."

"ಹೆಸರು ಬರಲಿಲ್ಲ. ಕಾಲು ಬಂತು."

"ನಿಮಗಿಂತ ಅದೇ ಮುಂದೆ ಹೋಗಿದೆ."

ಅಂಗಡಿಗೂ ಜನ ಬರತೊಡಗಿದರು. ತಿನ್ನುವ ಮೊದಲು ಬಗ್ಗಿ ಕಾಲು ನೋಡುತ್ತಿದ್ದರು. ಮೆತ್ತನೆಯ ಕಡೆಯ ಅಜ್ಜಿಯೊಬ್ಬಳು ಅವನ ಜೇಬಿಗೆ ಟೊಮೇಟೊದಂತೆ ಕೆಂಪಗೆ ಮಾಗಿದ ಪರ್ಸಿಮನ್ ಹಣ್ಣು ತುರುಕಿ, "ಮಗಾ, ಉರಿಸ್ಕೋಬೇಡ" ಎಂದು ಕಣ್ಣೊರೆಸಿಕೊಂಡಳು. ಯೋಮ್ ಪ್ರತಿದಿನ ಒಂದು ಬಟ್ಟಲು ತಿಂದು, ಪ್ರತಿದಿನ "ಪೈಪು ಪ್ಯೋ, ಪೈಪು" ಎಂದು ಎದ್ದು ಹೋಗುತ್ತಿದ್ದ. ಮಾನ್‌ಸಿಕ್ ಇಬ್ಬರಿಗೂ ತಲೆದೂಗಿ, ಈ ಸಲ ಕಿಟಕಿಯ ಅಳತೆ ತೆಗೆದ.

ಹದಿನೇಳರ ಸಂಜೆ ನೆಲಮಾಳಿಗೆಯ ಪಕ್ಕದ ಹಿರಿಯರ ಕೋಣೆಯಲ್ಲಿ ಎಣಿಕೆ. ಅಡಿಯಿಂದ ಕಾಯಿಸಿದ ಬಿಸಿ ನೆಲದ ಮೇಲೆ ಎರಡು ಕಡೆಯವರೂ ಬೇರೆ ಬೇರೆ ಕೂತರು. ನಡುವೆ ಬೇಯಿಸಿದ ಗೆಣಸಿನ ಬುಟ್ಟಿ, ಎರಡು ಕಡೆಗೂ ಸಮದೂರದಲ್ಲಿ. ಗು ಸಾಹೇಬರು ಕನ್ನಡಕ ಒರೆಸಿ ಓದಿದರು.

"ಒಟ್ಟು ಮನೆ ಮೂವತ್ತು. 1201 ಬೀಗ ಹಾಕಿದೆ. ಒಂದು ಎಂದು ಬರೆದವರು ಹದಿನಾಲ್ಕು. ಎರಡು ಎಂದು ಬರೆದವರು..." ಅವರು ಪಟ್ಟಿಯನ್ನು ಕಣ್ಣ ಹತ್ತಿರ ತಂದು ಮತ್ತೊಮ್ಮೆ ಎಣಿಸಿದರು. "ಹದಿನಾಲ್ಕು."

"ಮೋಸ!" ಎರಡೂ ಕಡೆಯಿಂದ ಒಟ್ಟಿಗೆ ಬಂತು.

"ಇನ್ನೊಂದು ಮನೆ ಉಳಿದಿದೆ" ಎಂದಳು ಬೋಕ್‌ಜಾ ನಿಧಾನವಾಗಿ. "702."

ಇಡೀ ಕೋಣೆ ಗಿಲ್‌ಸುವಿನ ಕಡೆ ತಿರುಗಿತು. ಅವನ ಬಾಯಲ್ಲಿ ಗೆಣಸಿತ್ತು. ಕಷ್ಟಪಟ್ಟು ನುಂಗಿ, "ಬಹುಮತ ಯಾವ ಕಡೆಗೋ ನಾನೂ ಆ ಕಡೆಗೆ" ಎಂದ.

"ಬಹುಮತವೇ ಇಲ್ಲ ಮಾರಾಯರೇ!"

"ಹಾಗಾದ್ರೆ... ಓಕ್‌ಬುನ್ ಬರೀಲಿ. ಮನೆ ಅವಳ ಹೆಸರಲ್ಲಿದೆ."

ಓಕ್‌ಬುನ್ ಗೆಣಸಿನ ಸಿಪ್ಪೆ ಸುಲಿಯುತ್ತಲೇ ಇದ್ದಳು. "ಮನೆ ನನ್ನ ಹೆಸರಲ್ಲಿದೆ. ಕಾಲು ನಿಮ್ಮ ಹೆಸರಲ್ಲಿದೆ. ನಾನು ಬರೆಯೋಲ್ಲ."

ಗಿಲ್‌ಸು ಪೆನ್ನು ಹಿಡಿದ. ಒಂದು ನಿಮಿಷ ಹಿಡಿದೇ ಇದ್ದ. ನಾಲ್ಕು ನಿಮಿಷವಾಯಿತು. ಯಾರೋ ಆಕಳಿಸಿದರು. ಗು ಸಾಹೇಬರು ಗಡಿಯಾರ ನೋಡಿ, ತಮ್ಮ ವೃತ್ತಿಜೀವನದ ಅತ್ಯಂತ ದೊಡ್ಡ ರಿಯಾಯಿತಿ ಕೊಟ್ಟರು. "ನಾಳೆ ಹನ್ನೊಂದು ಗಂಟೆಗೆ ಆಸ್ಪತ್ರೇಲಿ, ಸೂಜಿ ಚುಚ್ಚೋದಕ್ಕೆ ಮುಂಚೆ, 702ರ ಅಭಿಪ್ರಾಯ ದಾಖಲಾಗಬೇಕು. ಎರಡೂ ಕಡೆಯಿಂದ ಒಬ್ಬೊಬ್ಬ ವೀಕ್ಷಕರು ಹಾಜರಿರ್ತಾರೆ."

ಹಾಗೆ ಹದಿನೆಂಟರ ಬೆಳಿಗ್ಗೆ ಡಾಕ್ಟರ್ ಸೊಲ್ ಅವರ ಕೋಣೆಗೆ ಒಬ್ಬ ರೋಗಿಯೊಡನೆ ನಾಲ್ಕು ಜನ ಬಂದರು: ಹೆಂಡತಿ, ಗು ಸಾಹೇಬರು, ಬೋಕ್‌ಜಾ, ಮತ್ತು ಯಾರೂ ಕರೆಯದ ಮಾನ್‌ಸಿಕ್.

"ಇವರೆಲ್ಲ ಯಾರು?" ಎಂದರು ಡಾಕ್ಟರು.

"ವೀಕ್ಷಕರು" ಎಂದರು ಗು ಸಾಹೇಬರು, ಗುರುತಿನ ಚೀಟಿ ತೋರಿಸಿ.

ಡಾಕ್ಟರು ಕಣ್ಣು ಮುಚ್ಚಿ, ತೆರೆದರು. "ಸರಿ. ಎರಡನ್ನೂ ಒಂದೊಂದು ಸಲ ಮಾಡಿ ತೋರಿಸ್ತೀನಿ. ಅವರು ಆರಿಸ್ತಾರೆ. ಆಮೇಲೆ ಎಲ್ಲರೂ ಆಚೆ. ಒಪ್ಪಿಗೇನಾ?"

ಅವರು ಎರಡು ಸಿರಿಂಜುಗಳನ್ನು ಒಂದು ಸಣ್ಣ ಪ್ಲಾಸ್ಟಿಕ್ ಕೊಳಾಯಿಗೆ ಎದುರುಬದುರು ಸಿಕ್ಕಿಸಿದರು. ಒಂದರಲ್ಲಿ ಔಷಧಿ, ಇನ್ನೊಂದರಲ್ಲಿ ಗಾಳಿ. ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಟಕಟಕ ತಳ್ಳಿದರು. ನೀರಿನಂತಿದ್ದದ್ದು ಹಾಲಾಯಿತು, ಹಾಲು ಕೆನೆಯಾಯಿತು. ಇನ್ನೊಂದು ಜೋಡಿಯಲ್ಲೂ ಹಾಗೆಯೇ. ಎರಡು ಬಿಳಿ ನೊರೆಗಳು ಬೆಳಕಿನ ಕೆಳಗೆ ಅಕ್ಕಪಕ್ಕ ನಿಂತವು. ಗು ಸಾಹೇಬರಿಗೂ ಬೋಕ್‌ಜಾಳಿಗೂ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಹನ್ನೊಂದು ದಿನ ಪರಸ್ಪರ ಮಾತು ಬಿಟ್ಟಿದ್ದ ಇಬ್ಬರೂ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಗಿಲ್‌ಸು ಮಾತ್ರ ಬಗ್ಗಿದ. ಅವನ ಮುಖದಲ್ಲಿ ಹಿಂದೆಂದೂ ಯಾರೂ ಕಂಡಿರದ ಒಂದು ಗಂಭೀರತೆ ಬಂತು. ಚಿಪ್ಪುಮೀನಿನ ಸಾರಿನ ನೊರೆಯನ್ನು ಇಪ್ಪತ್ತಾರು ವರ್ಷ ದಿನಕ್ಕೆ ಇಪ್ಪತ್ತು ಸಲ ನೋಡಿದವನು ಅವನು.

"ಡಾಕ್ಟ್ರೇ, ಈ ಮೆತ್ತಗಿನದರಲ್ಲಿ ಗುಳ್ಳೆ ಇನ್ನೂ ದೊಡ್ಡದಿದೆ. ನಾಲ್ಕು ಸಲ ಜಾಸ್ತಿ ತಳ್ಳಿ."

ಡಾಕ್ಟರು ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿದರು. ನಾಲ್ಕು ಸಲ ತಳ್ಳಿದರು. ನೊರೆ ಇನ್ನಷ್ಟು ನವಿರಾಯಿತು. "ಹೌದಲ್ಲ" ಎಂದರು.

ಮಾನ್‌ಸಿಕ್ ಭಾವನ ಕಿವಿಗೆ ಬಗ್ಗಿದ. "ಮೆತ್ತಗಿನದೇ ತಗೊಳ್ಳಿ ಭಾವ, ಉರಿಯಲ್ಲ. ಆದ್ರೆ ಎರಡನೇ ಸಲ ಬಾ ಅಂದ್ರೆ ಶನಿವಾರ ತಪ್ಪಿ ಹೋಗುತ್ತೆ. ಬಿರುಸಿನದು ತಗೊಂಡ್ರೆ ಒಂದೇ ಏಟು, ಆದ್ರೆ ಉರೀಲಿ ನಿಲ್ಲೋಕಾಗುತ್ತಾ? ಯಾವುದು ತಗೊಂಡ್ರೂ ಕಷ್ಟ. ಸುಮ್ಮನೆ ಒಂದು ಕುರ್ಚಿ ಹಾಕ್ಕೊಂಡು ಕೂತ್ಬಿಡಿ, ಕಾಫಿ ನಾನು ಕೊಡ್ತೀನಿ."

ಗು ಸಾಹೇಬರು ದಾಖಲೆಯ ಪುಸ್ತಕ ತೆರೆದರು. ಬೋಕ್‌ಜಾ ಅದರೊಳಗೆ ಇಣುಕಿದಳು. ಗಿಲ್‌ಸು ಸುತ್ತ ನೋಡಿದ. ಪಕ್ಕದಲ್ಲಿ ಯಾರೂ ಏನೂ ಆರಿಸಿರಲಿಲ್ಲ. 'ನನಗೂ ಅದೇ' ಎನ್ನಲು ಅದೇ ಇರಲಿಲ್ಲ.

"ಒಂದೇ ಸಲ ಬಿರುಸಾಗಿ ನಾದಿದ ಹಿಟ್ಟು ಮೇಲೆ ಗಟ್ಟಿಯಾಗುತ್ತೆ, ಒಳಗೆ ಹಸಿಯಾಗೇ ಇರುತ್ತೆ" ಎಂದ. ದನಿ ಅವನದೇ ಎಂದು ಅವನಿಗೇ ನಂಬಿಕೆ ಬರಲಿಲ್ಲ. "ನಾನು ಮೆತ್ತಗೆ ನಾದ್ತೀನಿ. ಎರಡು ಸಲ ಬೇಕಾದ್ರೆ ಎರಡು ಸಲ. ಮೆತ್ತಗಿನದು ಕೊಡಿ ಡಾಕ್ಟ್ರೇ."

"ಖಚಿತಾನಾ?" ಎಂದರು ಡಾಕ್ಟರು.

"ಖಚಿತ."

ಓಕ್‌ಬುನ್ ಕೈಚೀಲ ಕೆಳಗೆ ಬೀಳಿಸಿದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಪದವನ್ನು ಅವಳು ಆ ಬಾಯಿಂದ ಕೇಳಿರಲಿಲ್ಲ.

ಗು ಸಾಹೇಬರು 'ಹದಿನೈದು–ಹದಿನಾಲ್ಕು' ಎಂದು ಬರೆದು, ಸೋತವರ ಕಡೆಯವರಾದರೂ, ಅಂದವಾಗಿ ಕೆಳಗೆರೆ ಎಳೆದರು. ಕ್ರಮಬದ್ಧವಾದ ಸೋಲು ಕ್ರಮವಿಲ್ಲದ ಗೆಲುವಿಗಿಂತ ಮೇಲು ಎಂದು ಅವರು ಬದುಕಿಡೀ ನಂಬಿದ್ದರು.

ಎಲ್ಲರನ್ನೂ ಆಚೆ ಕಳಿಸಿ ಬಾಗಿಲು ಹಾಕಿಕೊಂಡು ನಡೆದ ಕೆಲಸ ಹತ್ತು ನಿಮಿಷದ್ದು. ಹಾಳೆ, ಮೊಹರು, ಸ್ಪೀಕರು, ಗೆಣಸು, ಇಷ್ಟೆಲ್ಲ ಆದದ್ದು ಒಂದು ಚಮಚ ನೊರೆಗೆ. ಬಿಗಿಯಾದ ಉದ್ದ ಕಾಲುಚೀಲ ಹಾಕಿಸಿ ಡಾಕ್ಟರು, "ಈಗ ಕೂರಬೇಡಿ, ನಡೀರಿ" ಎಂದರು. ಅವನು ನಡೆದ. ವೀಕ್ಷಕರೂ ಹಿಂದೆ ನಡೆದರು. ತಮ್ಮ ಕಟ್ಟಡ ತಲುಪಿ ಅದರ ಸುತ್ತ ಎರಡನೆಯ ಸುತ್ತು ಬರುವ ಹೊತ್ತಿಗೆ ಹಿಂದೆ ಹದಿನೇಳು ಜನ ಇದ್ದರು, ನಾ ತಾತನನ್ನೂ ಸೇರಿಸಿ.

ಕೊನೆಯ ಶನಿವಾರ ಬಂತು. ಹನ್ನೊಂದಕ್ಕೆ ಬಾಗಿಲು ತೆರೆಯುವಾಗಲೇ ಮೆತ್ತನೆಯವರು ಎಡಗಡೆ, ಬಿರುಸಿನವರು ಬಲಗಡೆ ಮೇಜು ಹಿಡಿದಿದ್ದರು. ಎಲ್ಲರೂ ಒಂದೇ ತಿಂಡಿ ಹೇಳಿದರು, ಇದ್ದದ್ದೇ ಒಂದು. ಗಿಲ್‌ಸು ನಾದಿದ, ಮಡಿಸಿದ, ಕತ್ತರಿಸಿದ. ಹನ್ನೆರಡಾಯಿತು. ಒಂದಾಯಿತು. ಬಟ್ಟಲು ಖಾಲಿ ಮಾಡಿದವರು ಎದ್ದು ಹೋಗದೆ ಇನ್ನೊಂದು ಹೇಳಿದರು, ಹೊಟ್ಟೆಗಲ್ಲ, ಜಾಗಕ್ಕೆ.

ಎರಡು ಗಂಟೆ ಬಾರಿಸಿತು. ಚಾಪ್‌ಸ್ಟಿಕ್ಕುಗಳೆಲ್ಲ ಕೆಳಗಿಳಿದವು. ಅಂಗಡಿಯ ಎಲ್ಲ ಕಣ್ಣೂ ಒಂದು ಕಾಲಿನ ಮೇಲೆ. ಮಾನ್‌ಸಿಕ್ ಒಂದು ಸ್ಟೂಲನ್ನು ಮೆಲ್ಲಗೆ ಭಾವನ ಹಿಂದಕ್ಕೆ ಸರಿಸಿದ.

"ಒಂದು ನಿಮಿಷ ಕೂತ್ಕೊಳ್ಳಿ ಭಾವ. ಯಾರೂ ನೋಡ್ತಿಲ್ಲ."

ಅರವತ್ತು ಕಣ್ಣು ನೋಡುತ್ತಿದ್ದವು. ಗಿಲ್‌ಸು ತಿರುಗಿ ಸ್ಟೂಲು ನೋಡಿದ. ಕಾಲು ಎಂದಿನ ಹೊತ್ತಿಗೆ ಸೀಸವಾಗುವುದನ್ನು ಕಾದ. ಅದು ಬರಿಯ ಕಾಲಾಗಿಯೇ ಉಳಿಯಿತು. ಅವನು ಇಪ್ಪತ್ತು ಕಿಲೋ ಹಿಟ್ಟಿನ ಮೂಟೆಯನ್ನು ಎರಡೂ ತೋಳಲ್ಲಿ ಎತ್ತಿ ಸ್ಟೂಲಿನ ಮೇಲೆ ಕುಕ್ಕಿದ. ಮಾನ್‌ಸಿಕ್ ಅಲ್ಲೇ ಮರೆತಿದ್ದ ಅಳತೆ ಟೇಪು ಅದರಡಿ ಚಟ್ಟೆಂದು ಒಡೆಯಿತು.

"ಅದು ಕೂತಿರಲಿ" ಎಂದ. "ನಾನು ನಿಂತಿರ್ತೀನಿ."

ಬಲಗಡೆಯಿಂದಲೇ ಮೊದಲು ಚಪ್ಪಾಳೆ ಬಂತು. ಗು ಸಾಹೇಬರದು.

ಮೂರು ಗಂಟೆಗೆ ನಾ ತಾತ ಕೈಗಡಿಯಾರ ನೋಡಿ, ಬಾಗಿಲಲ್ಲಿ ನಿಂತು ಸ್ಪೀಕರಿನ ದನಿಯಲ್ಲಿ ಸಾರಿದ: "702ರ ಎಡಗಾಲು ಗೆದ್ದಿತೆಂದು ತಿಳಿಸಲಾಗಿದೆ!" ಬೋಕ್‌ಜಾ ಗು ಸಾಹೇಬರ ಬೆನ್ನಿಗೆ ಗುದ್ದಿದಳು. 302ರ ಗಂಡ ಹೆಂಡತಿ ಒಂದೇ ಬಟ್ಟಲಿನಿಂದ ತಿಂದರು. ಮಾನ್‌ಸಿಕ್ ಕೋಪ ಮಾಡಿಕೊಳ್ಳಲು ನೋಡಿದ. ಓಕ್‌ಬುನ್ ಅವನ ಕೈಗೆ ಚಿಪ್ಪಿನ ಬಕೆಟ್ಟು ಕೊಟ್ಟದ್ದರಿಂದ ಪುರುಸೊತ್ತಾಗಲಿಲ್ಲ.

ಸಂಜೆ ಮತ್ತೆ ಹಸಿವಾದಾಗ ಯಾರಿಗೂ ಇನ್ನೊಂದು ಎಳೆ ಕಲ್‌ಗುಕ್ಸು ನೋಡುವ ಮನಸ್ಸಿರಲಿಲ್ಲವಾದ್ದರಿಂದ, ಎಲ್ಲರೂ ಸೇರಿ ಚೀನೀ ಅಂಗಡಿಯಿಂದ ನೂಡಲ್ಸನ್ನೇ ತರಿಸಿದರು. ಬೋಕ್‌ಜಾ ಫೋನು ಹಿಡಿದು ಕೇಳಿದಳು: "ಎಲ್ಲರಿಗೂ ಜಾಜಾಂಗ್ ತಾನೇ?"

"ಹೂಂ" ಎಂದಿತು ಅಂಗಡಿ.

"ನನಗೆ ಜಾಂಪೋಂಗ್" ಎಂದ ಗಿಲ್‌ಸು. ಬೋಕ್‌ಜಾ ಫೋನಿಗೆ ಕೈ ಅಡ್ಡ ಹಿಡಿದು ಅವನನ್ನು ನೋಡಿದಳು. ಅವನು ಬೋರ್ಡಿನ ಖಾಲಿ ಸಾಲಿನತ್ತ ಬೆರಳು ತೋರಿಸಿದ. "ಅಲ್ಲಿಗೆ ಮಂಡು ಕಡುಬು ಅಂತ ಬರೆಸ್ತೀನಿ. ಹಬೆಯಲ್ಲಿ ಬೇಯಿಸಿದ್ದು. ಕರಿದದ್ದಲ್ಲ."

ತೆರೆಯ ಮೇಲೆ ಮತ್ತೆ ನೋಡಿದ ಡಾಕ್ಟರು ನರ ಪೂರ್ತಿ ಮುಚ್ಚಿದೆ, ಎರಡನೆಯ ಸಲ ಬೇಕಿಲ್ಲ ಎಂದರು. ಬಚ್ಚಲುಮನೆಯ ಕಾಗದವನ್ನು ಓಕ್‌ಬುನ್ ಲಿಫ್ಟಿನಲ್ಲಿ ಕಡೆಗೂ ಅಂಟಿಸಿದಳು. ಒಂಬತ್ತು ದಿನವಾದರೂ ಯಾರೂ ಬರೆದಿಲ್ಲ. ಟೈಲ್ಸಿನಲ್ಲಿ ಜನರಿಗೆ ಅಷ್ಟು ಆಸಕ್ತಿಯಿಲ್ಲ. ಯೋಮ್ ಆ ಶನಿವಾರ ಬರಲಿಲ್ಲ, ಆಮೇಲೂ ಬರಲಿಲ್ಲ. ಈಗ ಎರಡು ಬೀದಿ ಆಚೆ ತಿನ್ನುತ್ತಾನೆ.

ಒಟ್ಟು ನಷ್ಟ: ಎಡಗಾಲಿನ ನರ ಒಂದು. ದಾರಕ್ಕೆ ಕಟ್ಟಿದ್ದ ಪೆನ್ನು ಎರಡು. ಅಳತೆ ಟೇಪು ಒಂದು. ಗಿರಾಕಿ ಒಬ್ಬ.